ಮಾತ್ರೆ ಇಳಿಯುವ ಹೊತ್ತು

1967ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಜಾರ್ಜ್ ಕೊಟ್ಜಿಯಾಸ್ ಡೋಪಾವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ದಿನಕ್ಕೆ ಗ್ರಾಂಗಟ್ಟಲೆ ಕೊಟ್ಟು ನೋಡಿದರು. ಮರಗಟ್ಟಿದ್ದ ಪಾರ್ಕಿನ್ಸನ್ ರೋಗಿಗಳು ಎದ್ದು ಓಡಾಡಿದರು. ಆ ಸಂಭ್ರಮದಲ್ಲಿ ಗಡಿಯಾರದ ಕಡೆ ಯಾರ ಗಮನವೂ ಹೆಚ್ಚು ಹೋಗಲಿಲ್ಲ. ಕೆಲವು ವರ್ಷ ಕಳೆದವೋ ಇಲ್ಲವೋ, ಹೊಸ ದೂರು ಬಂತು: ಮಾತ್ರೆ ನುಂಗಿದರೆ ಮೈ ಸಡಿಲ, ಮುಂದಿನದರ ಹೊತ್ತಾಗುವ ಮೊದಲೇ ಮತ್ತೆ ಬಿಗಿ. ವೈದ್ಯರು ಇದನ್ನು ‘ಆನ್-ಆಫ್’ ಎಂದರು.

ರಕ್ತ ತೆಗೆದು ಅಳೆದಾಗ ಕಂಡ ಲೆಕ್ಕ ಸರಳವೇ. ಡೋಪಾದ ಈಗಿನ ರೂಪವಾದ ಲೆವೊಡೋಪಾ ಜೊತೆ ಕಾರ್ಬಿಡೋಪಾ ಸೇರಿದ ಮಾತ್ರೆಯಲ್ಲೂ (ನಮ್ಮಲ್ಲಿ ಹೆಚ್ಚಿನವರ ಬಾಯಲ್ಲಿ ‘ಸಿಂಡೋಪಾ’) ರಕ್ತದಲ್ಲಿನ ಔಷಧ ಸುಮಾರು ಒಂದೂವರೆ ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಮೂರು ಗಂಟೆಗೆ ಕಾಲುಭಾಗ. ಹಾಗಿದ್ದರೆ ಹೊಸ ರೋಗಿ ಮೂರೇ ಮಾತ್ರೆಯಲ್ಲಿ ಇಡೀ ದಿನ ಹಾಯಾಗಿರುವುದು ಹೇಗೆ? ಹಳೆಯ ರೋಗಿಯ ರಕ್ತದ ಗೆರೆಯೂ ಹೆಚ್ಚುಕಡಿಮೆ ಅದೇ ಆಕಾರದ್ದು. ವ್ಯತ್ಯಾಸ ಇದ್ದದ್ದು ಮಿದುಳಿನಲ್ಲಿ. ಸಂಪು ಇರುವ ಮನೆಗೆ ನಲ್ಲಿ ನಿಂತದ್ದು ತಿಳಿಯುವುದಿಲ್ಲ. ಈ ಔಷಧದಿಂದ ಮಿದುಳಿನಲ್ಲಿ ತಯಾರಾಗುವ ಡೋಪಮಿನ್ ಅನ್ನು ಕೂಡಿಡುವ ನರಕೋಶಗಳು ಸಾಯುತ್ತ ಬಂದಂತೆ ಆ ಸಂಪೇ ಬತ್ತುತ್ತದೆ.

ಇದನ್ನು ಗಣಿತಕ್ಕೆ ಇಳಿಸುವ ದಾರಿ ಬಂದದ್ದು ಬೇರೆಯದೇ ಕೋಣೆಯಿಂದ, ಆಪರೇಷನ್ ಥಿಯೇಟರಿನಿಂದ. ಸ್ನಾಯು ಸಡಿಲಿಸುವ ಕ್ಯುರಾರೆ ಜಾತಿಯ ಔಷಧಕ್ಕಾಗಿ 1979ರಲ್ಲಿ ಲೂಯಿಸ್ ಶೈನರ್ ಮತ್ತು ಸಂಗಡಿಗರು ರಕ್ತಕ್ಕೂ ಪರಿಣಾಮಕ್ಕೂ ನಡುವೆ ಒಂದು ಕಾಲ್ಪನಿಕ ಕೋಣೆಯನ್ನು ಇಟ್ಟರು. ಔಷಧ ಅದರೊಳಗೆ ತಡವಾಗಿ ಹೊಕ್ಕು ತಡವಾಗಿ ಹೊರಬೀಳುತ್ತದೆ. ಇಟಲಿಯ ಬೊಲೊನ್ಯಾದವರು ಇದೇ ಮಾದರಿಯನ್ನು ಲೆವೊಡೋಪಾಗೆ ಹೊಂದಿಸಿದಾಗ ಎರಡು ಸಂಗತಿ ಕಂಡವು. ರೋಗ ಬಲಿತಷ್ಟೂ ಆ ತಡ ಕುಗ್ಗುತ್ತದೆ. ಪರಿಣಾಮದ ಗೆರೆಯ ಏರು ಕಡಿದಾಗುತ್ತದೆ, ಅಂದರೆ ರಕ್ತದ ಮಟ್ಟ ತುಸು ಜಾರಿದರೂ ಮನುಷ್ಯ ನಿಂತಲ್ಲೇ ನಿಲ್ಲುತ್ತಾನೆ.

ಆದರೂ ರಕ್ತವೊಂದನ್ನೇ ನಂಬಿದರೆ ಮೋಸ. ಅಮೆರಿಕದ ಆರೆಗನ್‌ನಲ್ಲಿ ಜಾನ್ ನಟ್ ತಂಡ ಔಷಧವನ್ನು ನೇರ ರಕ್ತನಾಳಕ್ಕೆ ಹರಿಸಿ, ಮಟ್ಟವನ್ನು ಸಮವಾಗಿಟ್ಟಿತು, ರೋಗಿಗಳೂ ಸಮಸ್ಥಿತಿಯಲ್ಲಿದ್ದರು. ಪ್ರೋಟೀನ್ ಹೆಚ್ಚಿದ ಊಟ ಕೊಟ್ಟಾಗ ರಕ್ತದ ಮಟ್ಟ ಇಳಿಯಲಿಲ್ಲ, ಮೈ ಮಾತ್ರ ಬಿಗಿಯಿತು. ಅಮೈನೋ ಆಮ್ಲಗಳೂ ಲೆವೊಡೋಪಾವೂ ಮಿದುಳಿನೊಳಕ್ಕೆ ಹೋಗುವುದು ಒಂದೇ ಬಾಗಿಲಿನಿಂದ. ನೂಕುನುಗ್ಗಲಿನಲ್ಲಿ ಔಷಧ ಹೊರಗೇ ಉಳಿಯುತ್ತದೆ. ಈ ಫಲಿತಾಂಶ ಪ್ರಕಟವಾದದ್ದು 1984ರಲ್ಲಿ. ಊಟಕ್ಕೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಮೊದಲು ಮಾತ್ರೆ ತೆಗೆದುಕೊಳ್ಳಿ ಎಂದು ವೈದ್ಯರು ಹೇಳುವುದರ ಹಿಂದೆ ಇದೂ ಇದೆ.

ಇನ್ನು ಹೊಟ್ಟೆ. ಔಷಧ ಹೀರಲ್ಪಡುವುದು ಸಣ್ಣ ಕರುಳಿನ ಮೇಲ್ಭಾಗದಲ್ಲಿ. ಪಾರ್ಕಿನ್ಸನ್‌ನಲ್ಲಿ ಜಠರ ಖಾಲಿಯಾಗುವುದೇ ನಿಧಾನ. ಕಾಗದದ ಮೇಲಿನ ಸರಾಸರಿ ರೋಗಿಗೆ ಮಲಬದ್ಧತೆ ಇರುವುದಿಲ್ಲ, ನಿಜವಾದವರಿಗೆ ಇರುತ್ತದೆ. ಅದಕ್ಕೇ ಸ್ವೀಡನ್ನಿನವರು ಜಠರವನ್ನೇ ದಾಟಿ, ಕರುಳಿಗೆ ಸೇರಿಸಿದ ನಳಿಕೆಯಲ್ಲಿ ಔಷಧದ ಜೆಲ್ ಹರಿಸುವ ಪಂಪ್ ಮಾಡಿದರು. 2024ರಲ್ಲಿ ಚರ್ಮದ ಕೆಳಗೆ ದಿನವಿಡೀ ಹರಿಸುವ ರೂಪಕ್ಕೆ ಅಮೆರಿಕ ಒಪ್ಪಿಗೆ ಕೊಟ್ಟಿತು. ಪಂಪ್ ಕೈಗೆಟುಕದವರು ವೈದ್ಯರ ಸಲಹೆಯಂತೆ ಅದೇ ಮಿಲಿಗ್ರಾಂಗಳನ್ನು ಹೆಚ್ಚು ಸಲಕ್ಕೆ ಹಂಚಿಕೊಂಡು, ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಾರೆ.