ಮೂತ್ರಪಿಂಡ ರೋಗಿಯ ತಟ್ಟೆಯಲ್ಲಿ ಜಿಂಕೆ ಮಾಂಸ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಿಂಕೆ ಬೇಟೆಯನ್ನು ನಿಷೇಧಿಸಿದೆ. ಬೇಟೆಗೆ ಪರವಾನಗಿ ದೊರೆಯುವ ಅಮೆರಿಕದಲ್ಲಾದರೋ ಮೂತ್ರಪಿಂಡ ದುರ್ಬಲಗೊಂಡವರು ಈ ಮಾಂಸ ತಿನ್ನಬಹುದೇ ಎಂಬ ಪ್ರಶ್ನೆಗೆ ಉತ್ತರವು ಪ್ರಮಾಣ ಮತ್ತು ಸಂಸ್ಕರಣೆಯನ್ನು ಅವಲಂಬಿಸಿದೆ. ಬೇಯಿಸಿದ 100 ಗ್ರಾಂ ಮಾಂಸದಲ್ಲಿ ಸುಮಾರು 30 ಗ್ರಾಂ ಪ್ರೋಟೀನ್ ಇರುವುದರಿಂದ, ಡಯಾಲಿಸಿಸ್, ಅಂದರೆ ಕೃತಕ ರಕ್ತಶುದ್ಧೀಕರಣ, ಆರಂಭವಾಗದವರಿಗೆ ಸಾಮಾನ್ಯವಾಗಿ ಸಣ್ಣ ತುಂಡೇ ಸಾಕು. ಆರಂಭವಾದವರಿಗೆ ಪ್ರೋಟೀನಿನ ಅಗತ್ಯವೇ ಹೆಚ್ಚುತ್ತದೆ. ದುರ್ಬಲ ಮೂತ್ರಪಿಂಡ ಸರಿಯಾಗಿ ಹೊರಹಾಕಲಾರದ ರಂಜಕದತ್ತಲೂ (ಫಾಸ್ಫರಸ್) ಗಮನ ಬೇಕು: ತಾಜಾ ಮಾಂಸದ ರಂಜಕವನ್ನು ಕರುಳು ಭಾಗಶಃ ಹೀರಿಕೊಂಡರೆ, ಸಾಸೇಜಿಗೆ ಬೆರೆಸುವ ಫಾಸ್ಫೇಟ್ ಲವಣಗಳ ರಂಜಕ ಬಹುಪಾಲು ರಕ್ತ ಸೇರುತ್ತದೆ. ಉಪ್ಪು ಹಚ್ಚಿ ಒಣಗಿಸಿದ ಜರ್ಕಿಯನ್ನಂತೂ ದೂರವಿಡುವುದೇ ಲೇಸು. ಇಷ್ಟೇ ಗಂಭೀರವಾದುದು ಸೀಸದ ಗುಂಡು: ಅದು ಮೂಳೆಗೆ ಬಡಿದು ಕಣ್ಣಿಗೆ ಕಾಣದ ಚೂರುಗಳಾಗಿ ಸಿಡಿಯುವುದರಿಂದಲೂ, ಸೀಸವು ಮೂತ್ರಪಿಂಡಕ್ಕೇ ವಿಷವಾದುದರಿಂದಲೂ, ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಎಸೆಯಬೇಕು, ಸಾಧ್ಯವಾದರೆ ತಾಮ್ರದ ಗುಂಡಿನಿಂದ ಬೇಟೆಯಾಡಿದ ಮಾಂಸವನ್ನೇ ಆಯ್ದುಕೊಳ್ಳಬೇಕು.