ಅವಳಿ ಗರ್ಭ: ಮೂರನೆಯ ತಿಂಗಳ ಪರೀಕ್ಷೆ ತಪ್ಪದಿರಲಿ

ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿಗಳನ್ನು ಪಡೆದ ಶಿಕಾರಿಪುರ ಸೀಮೆಯಲ್ಲಿಯೂ, ನೆರೆಯ ಸೊರಬದಲ್ಲಿಯೂ ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿಯನ್ನು ಹೊರಗೆಡಹಲು ಹಿಂಜರಿಯುವ ಹಿರಿಯರುಂಟು. ದೃಷ್ಟಿಯ ಭಯವಿರಲಿ, ವೈದ್ಯರಲ್ಲಿ ಮಾತ್ರ ಮುಚ್ಚಿಡಬಾರದೆಂದು ನಮ್ಮ ಬಿನ್ನಹ.

ಅವಳಿ ಶಿಶುಗಳಿಗೆ ಮಾಸು ಒಂದೋ ಎರಡೋ ಎಂಬುದು 11ರಿಂದ 14 ವಾರಗಳೊಳಗಿನ ಸ್ಕ್ಯಾನಿಂಗ್‌ನಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ. ಅನಂತರ ಗುರುತಿಸುವುದು ಕಠಿಣ. ಒಂದೇ ಮಾಸನ್ನು ಹಂಚಿಕೊಂಡ ಅವಳಿಗಳಿದ್ದರೆ, ಅಂತಹ ನೂರು ಬಸುರುಗಳಲ್ಲಿ ಹತ್ತು-ಹದಿನೈದರಲ್ಲಿ ಒಂದು ಶಿಶುವಿನ ರಕ್ತ ಇನ್ನೊಂದಕ್ಕೆ ಹರಿದು, ಒಂದು ಸೊರಗುತ್ತದೆ, ಮತ್ತೊಂದರ ಹೃದಯಕ್ಕೆ ಹೊರೆಯಾಗುತ್ತದೆ. ತಾಯಿಗೆ ನೋವಿಲ್ಲದಿರಬಹುದು. ಹೊಟ್ಟೆ ಹಠಾತ್ತನೆ ಉಬ್ಬಿದರೆ, ಅವಳಿಯಲ್ಲವೇ ಎಂದು ಅತ್ತೆಯವರು ಹಿಗ್ಗುವುದೂ ಉಂಟು! ಆದುದರಿಂದ ಇಂತಹವರಿಗೆ 16ನೆಯ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಅವಶ್ಯ. ಸಕಾಲದಲ್ಲಿ ತಿಳಿದರೆ ಮಾಸಿನ ರಕ್ತನಾಳಗಳ ಸಂಪರ್ಕವನ್ನು ಲೇಸರ್‌ನಿಂದ ತಡೆಯುವ ಚಿಕಿತ್ಸೆ ಬೆಂಗಳೂರಿನಲ್ಲಿ ಉಂಟು.

ರಕ್ತಹೀನತೆ, ರಕ್ತದೊತ್ತಡಗಳೂ ಅವಳಿ ಬಸುರಿಯರಲ್ಲಿ ಹೆಚ್ಚು. 2016ರಿಂದ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತಿದೆ.

ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡಿಸುವುದು ನಮ್ಮ ಸಂಪ್ರದಾಯ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು 37 ವಾರ ತುಂಬುವ ಮೊದಲೇ ಜನಿಸುತ್ತವೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಶಿಕಾರಿಪುರದಿಂದ ಸುಮಾರು 50 ಕಿ.ಮೀ., ಸೊರಬದಿಂದ ಇನ್ನೂ ದೂರ. ವಾಹನ ಯಾವುದು, ಜೊತೆಗೆ ಹೊರಡುವವರು ಯಾರು ಎಂಬುದನ್ನು ಆ ಶುಭದಿನಕ್ಕೆ ಮೊದಲೇ ಮನೆಮಂದಿ ಕುಳಿತು ನಿಶ್ಚಯಿಸಿಕೊಳ್ಳಲಿ.