ದೆವ್ವ ಬೆನ್ನಟ್ಟಿದರೆ ಓಡಬಲ್ಲಿರಾ?

ನೀವು ಕೊನೆಯ ಸಲ ಓಡಿದ್ದು ಯಾವಾಗ? ಬಸ್ಸು ತಪ್ಪೀತೆಂದು ನಾಲ್ಕು ಹೆಜ್ಜೆ ಓಡಿದ್ದು, ಹಾಲು ಉಕ್ಕಿತೆಂದು ಪಡಸಾಲೆಯಿಂದ ಅಡುಗೆಮನೆಗೆ ಧಾವಿಸಿದ್ದು ಲೆಕ್ಕಕ್ಕಿಲ್ಲ. ಏದುಸಿರು ಬಿಡುತ್ತಾ, ನಗುತ್ತಾ, ಹಿಂದೆ ಯಾರಾದರೂ ಬಂದರೇನೋ ಎಂದು ಹೊರಳಿ ನೋಡುತ್ತಾ ಓಡಿದ್ದು ಯಾವಾಗ? ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: ಲಂಗ ತೊಟ್ಟು ಮುಟ್ಟಾಟ ಆಡುತ್ತಿದ್ದ ಕಾಲದಲ್ಲಿ. ಆಮೇಲೆ 'ದೊಡ್ಡಾಕಿ ಆದಿ, ಹಂಗೆಲ್ಲ ಓಡಬಾರದು' ಅಂದರು. ನಾವೂ ನಿಲ್ಲಿಸಿಬಿಟ್ಟೆವು.

ಆ ಮುಟ್ಟಾಟವೇ ಹೊಸ ವೇಷ ತೊಟ್ಟು ಬಂದಿದೆ. ಅದರ ಹೆಸರು ಜಾಂಬಿ ಓಟ. 'ಅಯ್ಯ, ಅದೆಲ್ಲ ಕಾಲೇಜು ಹುಡುಗರ ಹುಚ್ಚಾಟ' ಅಂತ ಪುಟ ತಿರುವಬೇಡಿ. ಮೂವತ್ತೈದು, ನಲವತ್ತೈದು ದಾಟಿದ ಗೃಹಿಣಿಯರೂ ಗೆಳತಿಯರ ಜೊತೆಗೂಡಿ ಮಾಡಬಹುದಾದ ಆಟ ಇದು. ಆದರೆ ತಯಾರಿ ಬೇಕು.

ಏನಿದು ಜಾಂಬಿ ಓಟ?

ಜಾಂಬಿ ಅಂದರೆ ಸತ್ತೂ ಎದ್ದು ತಿರುಗುವ ಹೆಣ. ಈ ಕಲ್ಪನೆ ಹುಟ್ಟಿದ್ದು ಹೈಟಿ ದೇಶದಲ್ಲಿ. 1968ರಲ್ಲಿ ಅಮೆರಿಕದ ನಿರ್ದೇಶಕ ಜಾರ್ಜ್ ರೊಮೆರೊ ತೆಗೆದ ಸಿನಿಮಾದಿಂದ ಅದು ಜಗತ್ತಿಗೆಲ್ಲ ಪರಿಚಯವಾಯಿತು. ಹಿಂದಿಯ 'ಗೋ ಗೋವಾ ಗಾನ್' (2013), ತೆಲುಗಿನ 'ಜಾಂಬಿ ರೆಡ್ಡಿ' (2021) ನೋಡಿದ ಮಕ್ಕಳು ನಿಮ್ಮ ಮನೆಯಲ್ಲೇ ಇದ್ದಾರು, ಕೇಳಿ ನೋಡಿ.

ಅಡೆತಡೆ ಓಟಗಳು ಇದಕ್ಕಿಂತ ಹಳೆಯವು. ಗೋಡೆ ಹತ್ತಿ, ಹಗ್ಗ ಹಿಡಿದು, ಕೆಸರಲ್ಲಿ ತೆವಳಿ ಸಾಗುವ 'ಟಫ್ ಗೈ' ಓಟ ಇಂಗ್ಲೆಂಡಿನಲ್ಲಿ 1987ರಲ್ಲೇ ಶುರುವಾಗಿತ್ತು. ಇಂಥ ಓಟಕ್ಕೆ ದೆವ್ವಗಳನ್ನು ಸೇರಿಸಿದ 'ರನ್ ಫಾರ್ ಯುವರ್ ಲೈವ್ಸ್' ಅಮೆರಿಕದ ಮೇರಿಲ್ಯಾಂಡಿನಲ್ಲಿ ಮೊದಲ ಸಲ ನಡೆದದ್ದು 2011ರ ಅಕ್ಟೋಬರಿನಲ್ಲಿ. ದೂರ ಸುಮಾರು 5 ಕಿಲೋಮೀಟರ್. ಓಡುವವರ ಸೊಂಟದ ಬೆಲ್ಟಿಗೆ ಬಟ್ಟೆಯ ಪಟ್ಟಿಗಳು. ದಾರಿಯುದ್ದಕ್ಕೂ ಬಣ್ಣ ಬಳಿದುಕೊಂಡು ನಿಂತ 'ಹೆಣ'ಗಳು ಆ ಪಟ್ಟಿ ಕಿತ್ತುಕೊಳ್ಳಲು ಬರುತ್ತಾರೆ. ಕೊನೆಗೆ ಒಂದು ಪಟ್ಟಿ ಉಳಿದರೂ ನೀವು ಬದುಕಿದಿರಿ ಅಂತ ಲೆಕ್ಕ! ಆ ಕಂಪನಿ 2013ರಲ್ಲೇ ಮುಚ್ಚಿತು. ಆಟದ ನಿಯಮ ಮಾತ್ರ ಲೋಕಕ್ಕೆಲ್ಲ ಹರಡಿತು.

ಇಲ್ಲೊಂದು ಗುಟ್ಟಿದೆ. ಮಾಮೂಲಿ ಓಟದಲ್ಲಿ ಮೊದಲು ಬಂದವರು ಗೆದ್ದಂತೆ. ಈ ಓಟದಲ್ಲಿ ಹಿಂದುಳಿದವಳನ್ನು ಬಿಟ್ಟು ಓಡಿದರೆ ದೆವ್ವ ಅವಳನ್ನೇ ಹಿಡಿಯುತ್ತದೆ. ಹಾಗಾಗಿ ಒಬ್ಬಳು ದೆವ್ವದ ಗಮನ ಸೆಳೆಯಬೇಕು, ಇನ್ನಿಬ್ಬರು ದಾಟಬೇಕು. ಗುಂಪಾಗಿ ಹೋಗುವವರಿಗೆ ಹೇಳಿ ಮಾಡಿಸಿದ ಆಟ.

ನಮ್ಮಲ್ಲಿ ಎಲ್ಲಿ?

ಕರ್ನಾಟಕದಲ್ಲಿ ಹೆಂಗಸರು ಗುಂಪಾಗಿ ಓಡುವುದು ಈಗ ಹೊಸತೇನಲ್ಲ. ಬೆಂಗಳೂರಿನ ವರ್ಲ್ಡ್ 10ಕೆ ಓಟ 2008ರಲ್ಲಿ ಆರಂಭವಾಯಿತು. ಮಹಿಳೆಯರಿಗೇ ಮೀಸಲಾದ ಪಿಂಕಥಾನ್ 2012ರಲ್ಲಿ ಮುಂಬೈಯಿಂದ ಹೊರಟು ಬೆಂಗಳೂರಿಗೂ ಬಂತು. ಸೀರೆಯುಟ್ಟು ಓಡಿದವರೂ ಅದರಲ್ಲಿದ್ದಾರೆ. ಅಡೆತಡೆ ಓಟಗಳಲ್ಲಿ ಬೆಂಗಳೂರಿನಲ್ಲೂ ನಡೆದಿರುವ 'ಡೆವಿಲ್ಸ್ ಸರ್ಕ್ಯೂಟ್' ಹೆಸರುವಾಸಿ. 5 ಕಿಲೋಮೀಟರ್ ದೂರ, 15 ಅಡೆತಡೆ. ಹೆಸರಲ್ಲಿ ದೆವ್ವ ಇದೆಯಾದರೂ ಬೆನ್ನಟ್ಟುವ ದೆವ್ವಗಳಿಲ್ಲ!

ಕಲಬುರಗಿಯಿಂದ ಬೆಂಗಳೂರು ಸುಮಾರು 600 ಕಿಲೋಮೀಟರ್. ಅಷ್ಟು ದೂರ ಹೋಗಲಾರಿರಾ? ಚಿಂತೆ ಬೇಡ. ಅಫಜಲಪುರ ತಾಲೂಕಿನ ಗೊಬ್ಬೂರದಂಥ ಊರಲ್ಲಿ ತವರುಮನೆ ಇರುವವರು ನಿಮ್ಮ ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ಅಲ್ಲಿನ ಹೊಲವೇ ಮೈದಾನ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ಮೈಯ ವಿಚಾರ.

'ನಾಳೆ ಬಾ' ಅನ್ನುವುದು ಸಾಕು

1990ರ ದಶಕದಲ್ಲಿ ಬೆಂಗಳೂರಿನ ಕಡೆ ರಾತ್ರಿ ಬಾಗಿಲು ಬಡಿಯುವ ದೆವ್ವದ ಸುದ್ದಿ ಹಬ್ಬಿ, ಜನ ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದು ನೆನಪಿದೆಯೇ? ನಾವು ಗೃಹಿಣಿಯರು ಆ ಬರಹವನ್ನು ನಮ್ಮ ಮೈಗೇ ಅಂಟಿಸಿಕೊಂಡಿದ್ದೇವೆ. ಮೊಣಕಾಲು ನೋವೇ? ನಾಳೆ ತೋರಿಸೋಣ. ರಕ್ತ ಪರೀಕ್ಷೆಯೇ? ಮಕ್ಕಳ ಪರೀಕ್ಷೆ ಮುಗಿಯಲಿ. ಓಟಕ್ಕೆ ಹೆಸರು ಕೊಡುವ ಮೊದಲು ಈ ಬರಹ ಅಳಿಸಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ 100 ಹೆಣ್ಣುಮಕ್ಕಳಲ್ಲಿ 57 ಮಂದಿಗೆ ರಕ್ತಹೀನತೆ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ಎರಡು ಮಹಡಿ ಹತ್ತುವುದರಲ್ಲಿ ಎದೆ ಡವಡವ ಅಂದರೆ ಅದಕ್ಕೆ ವಯಸ್ಸೇ ಕಾರಣ ಅಂದುಕೊಳ್ಳಬೇಡಿ, ರಕ್ತ ಕಡಿಮೆ ಇದ್ದೀತು. ಹಿಮೋಗ್ಲೋಬಿನ್, ಬಿಪಿ, ಶುಗರ್ ಈ ಮೂರನ್ನೂ ನೋಡಿಸಿಕೊಳ್ಳಿ. ಗರ್ಭಿಣಿಯರಿಗೆ ಈ ಓಟ ಬೇಡವೇ ಬೇಡ. ಹೃದಯದ ತೊಂದರೆ, ಹರ್ನಿಯಾ, ಮೂಳೆ ಸವೆತ ಇದ್ದವರು, ಸಿಸೇರಿಯನ್ ಆಗಿ ಹೆಚ್ಚು ದಿನ ಆಗಿರದವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ಯಾರೊಂದಿಗೂ ಹೇಳಿಕೊಳ್ಳದ ಇನ್ನೊಂದು ಸಂಕಟವಿದೆ. ಜಿಗಿದರೆ, ಸೀನಿದರೆ, ಓಡಿದರೆ ಹನಿ ಮೂತ್ರ ಹೊರಬರುವುದು. ಹೆರಿಗೆಯಾದವರಲ್ಲಿ ಇದು ಸಾಮಾನ್ಯ. ಇದೇ ನಾಚಿಕೆಗೆ ಎಷ್ಟೋ ಜನ ಆಟವನ್ನೇ ಬಿಟ್ಟಿದ್ದಾರೆ. ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು 5 ಸೆಕೆಂಡ್ ಬಿಗಿಹಿಡಿದು ಸಡಿಲ ಬಿಡಿ. ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಟಿವಿ ನೋಡುತ್ತಲೇ ಮಾಡಬಹುದು, ಪಕ್ಕದಲ್ಲಿ ಕೂತವರಿಗೂ ಗೊತ್ತಾಗದು. ಫಲ ಸಿಗಲು ಕೆಲವು ತಿಂಗಳು ಹಿಡಿಯುತ್ತದೆ, ಬಿಡದೆ ಮಾಡಿ. ಕಡಿಮೆಯಾಗದಿದ್ದರೆ ಸ್ತ್ರೀರೋಗ ತಜ್ಞರ ಬಳಿ ಸಂಕೋಚವಿಲ್ಲದೆ ಹೇಳಿ.

ಎಂಟು ವಾರದ ತಯಾರಿ

'ದಿನವಿಡೀ ಮನೆಗೆಲಸ ಮಾಡ್ತೀನಿ, ಮತ್ಯಾಕ ವ್ಯಾಯಾಮ?' ಅನ್ನುವವರಿದ್ದಾರೆ. ರೊಟ್ಟಿ ಬಡಿಯುವುದು, ಬಟ್ಟೆ ಒಗೆಯುವುದು ಖಂಡಿತ ಶ್ರಮದ ಕೆಲಸ. ಆದರೆ ಓಟಕ್ಕೆ ಬೇಕಾದ ದಮ್ಮು ಅದೊಂದರಿಂದಲೇ ಬರುವುದಿಲ್ಲ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಚುರುಕಾಗಿ ಮೈ ದಣಿಸಬೇಕು, ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಅದಕ್ಕೆ ಜಿಮ್ಮೇ ಬೇಕಿಲ್ಲ.

* 1-2ನೇ ವಾರ: ವಾರಕ್ಕೆ 5 ದಿನ ಅರ್ಧ ಗಂಟೆ ಬಿರುಸು ನಡಿಗೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ.
* 3-4ನೇ ವಾರ: 4 ನಿಮಿಷ ನಡಿಗೆ, 1 ನಿಮಿಷ ನಿಧಾನ ಓಟ. ಹೀಗೆ 6 ಸುತ್ತು.
* 5-6ನೇ ವಾರ: 2 ನಿಮಿಷ ನಡಿಗೆ, 2 ನಿಮಿಷ ಓಟ. ಕುರ್ಚಿಯಿಂದ ಕೈ ಊರದೆ 10 ಸಲ ಏಳುವುದು, ಅಡುಗೆ ಕಟ್ಟೆಗೆ ಕೈ ಊರಿ 10 ಸಲ ಮೈ ಬಗ್ಗಿಸಿ ಎತ್ತುವುದು.
* 7-8ನೇ ವಾರ: 1 ನಿಮಿಷ ನಡಿಗೆ, 3 ನಿಮಿಷ ಓಟ. ಊಟದ ಮೇಜಿನ ಕೆಳಗೆ ತೆವಳುವುದು, ಅರ್ಧ ಬಕೆಟ್ ನೀರು ಹಿಡಿದು 50 ಹೆಜ್ಜೆ. ಪಾರ್ಕಿನ ಕಂಬಿಗೆ 10 ಸೆಕೆಂಡ್ ಜೋತು ಬೀಳಿ. ಮಕ್ಕಳು ನಕ್ಕರೆ ನಗಲಿ!

ಒಬ್ಬರೇ ಓಡಲು ಬೇಸರವೇ? 2012ರಲ್ಲಿ ಬಂದ 'ಜಾಂಬೀಸ್, ರನ್!' ಎಂಬ ಮೊಬೈಲ್ ಆಪ್ ಇದೆ. ಕಿವಿಯಲ್ಲಿ ಕಥೆ ಹೇಳುತ್ತಾ, ಹಿಂದೆ ದೆವ್ವ ಬಂತೆಂದು ಹೆದರಿಸಿ ಓಡಿಸುತ್ತದೆ. ಕಥೆ ಇಂಗ್ಲಿಷಿನಲ್ಲಿದೆ. ವಾಹನ ಓಡಾಡುವ ರಸ್ತೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಓಡಬೇಡಿ.

ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹಾಗಾಗಿ ತಯಾರಿ ದೀಪಾವಳಿ ಆಸುಪಾಸಿನಲ್ಲಿ ಶುರುವಾದರೆ ಚೆನ್ನ. ಬೆಳಗ್ಗೆ ಬಿಸಿಲೇರುವ ಮೊದಲೇ ಮುಗಿಸಿ.

ಗುಂಪಿನ ಮೂರು ಮಾತು

ಐದಾರು ಗೆಳತಿಯರು ಸಾಕು. ಎಲ್ಲರಿಗಿಂತ ನಿಧಾನ ಓಡುವವಳ ವೇಗವೇ ಇಡೀ ಗುಂಪಿನ ವೇಗ. ಇದು ಮೊದಲ ಮಾತು. ಯಾವ ಅಡೆತಡೆಯನ್ನಾದರೂ 'ನನಗೆ ಆಗಲ್ಲ' ಅಂದರೆ ಬಲವಂತ ಮಾಡಬಾರದು, ಪಕ್ಕದಿಂದ ನಡೆದು ಹೋಗಲಿ. ಇದು ಎರಡನೆಯದು. ಒಪ್ಪಿಗೆ ಇಲ್ಲದೆ ಯಾರ ಕೆಸರು ಮೆತ್ತಿದ ಫೋಟೊವೂ ವಾಟ್ಸಾಪ್‌ಗೆ ಹೋಗಬಾರದು. ಇದು ಮೂರನೆಯದು.

ಮನೆಯವರಿಗೂ ಮೊದಲೇ ಹೇಳಿ. 'ಈ ವಯಸ್ಸಿನ್ಯಾಗ ಓಡೋದ್ಯಾಕ ಬೇಕವ್ವಾ ನಿನಗ?' ಎಂದು ಅತ್ತೆ ಕೇಳಿದರೆ ಜಗಳಕ್ಕೆ ನಿಲ್ಲಬೇಡಿ. 'ಬರ್ರಿ ಅತ್ತಿ, ನೀವೂ ಮುಂಜಾನೆ ವಾಕಿಂಗ್‌ಗೆ ಬರ್ರಿ' ಅನ್ನಿ. ಎಂಟು ವಾರದ ಮುಂಜಾನೆ ನಿಮಗೆ ಬಿಡುವು ಸಿಗಬೇಕಾದರೆ ಚಹಾ, ಡಬ್ಬಿ ಯಾರು ನೋಡುತ್ತಾರೆ ಅನ್ನುವುದು ಮೊದಲೇ ತೀರ್ಮಾನವಾಗಬೇಕು. ವಾರಕ್ಕೆ ಐದು ದಿನ ಅರ್ಧ ಗಂಟೆ ಕೇಳುವುದಕ್ಕೆ ಸಂಕೋಚ ಬೇಡ.

ಗೊಬ್ಬೂರದ ಹೊಲದಲ್ಲಿ ನಿಮ್ಮದೇ ಓಟ

ಸುಗ್ಗಿ ಮುಗಿದ ಮೇಲಿನ ಹೊಲ ಆರಿಸಿಕೊಳ್ಳಿ, ಆದರೆ ಹುಷಾರು. ನಮ್ಮ ಕಡೆಯದು ತೊಗರಿ ಸೀಮೆ. ಕೊಯ್ದ ತೊಗರಿಯ ಕೂಳೆ ಗೂಟದಂತೆ ಚೂಪಾಗಿರುತ್ತದೆ, ಬಿದ್ದರೆ ಅಪಾಯ. ಕೂಳೆ ಕಿತ್ತು ಹರಗಿದ ಹೊಲವೇ ಆಗಬೇಕು. ಎರಿ ಭೂಮಿ ಒಣಗಿದರೆ ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತದೆ, ನೆನೆದರೆ ಚಪ್ಪಲಿ ಸಮೇತ ಕಾಲು ಹಿಡಿಯುತ್ತದೆ. ಹಿಂದಿನ ದಿನ ಹಗಲಲ್ಲಿ ಇಡೀ ದಾರಿ ನಡೆದು ನೋಡಿ. ಬಿರುಕು, ಜಾಲಿ ಮುಳ್ಳು, ಬದುವಿನ ಹಾವಿನ ಹುತ್ತ, ತೆರೆದ ಬಾವಿ ಇರುವ ಕಡೆ ಓಟ ಬೇಡ.

ಒಂದು ಕಿಲೋಮೀಟರ್ ಸಾಕು. ಸಾಮಾನು ಮನೆಯಲ್ಲೇ ಇದೆ. ಜೋಳದ ಕಣಕಿಯ ಸಿವುಡು ಜೋಡಿಸಿದರೆ ದಾಟುವ ಗೋಡೆ. ನಾಲ್ಕು ಗೂಟಕ್ಕೆ ತಾಡಪತ್ರಿ ಕಟ್ಟಿದರೆ ತೆವಳುವ ಗುಹೆ. ಟ್ರ್ಯಾಕ್ಟರಿನ ಹಳೇ ಟೈರು ಜಿಗಿಯಲು. ಅರ್ಧ ಕೊಡ ನೀರು ಚೆಲ್ಲದೆ ಒಯ್ಯುವುದು ಕೊನೆಯ ಪರೀಕ್ಷೆ. ಅದರಲ್ಲಿ ನಿಮ್ಮ ಆಯಿ ನಿಮ್ಮನ್ನು ಸೋಲಿಸಿಯಾರು!

ಹಳೇ ಸೀರೆಯ ಅಂಚು ಹರಿದು ಪಟ್ಟಿ ಮಾಡಿ ಸೊಂಟಕ್ಕೆ ಸಿಕ್ಕಿಸಿ, ಗಂಟು ಹಾಕಬೇಡಿ. ದೆವ್ವಗಳಾಗಲು ಮನೆಯ ಹುಡುಗ್ಯಾರು, ನಾದಿನಿ, ವೈನಿ ಇದ್ದಾರಲ್ಲ. ಮುಖಕ್ಕೆ ಜೋಳದ ಹಿಟ್ಟು, ಕಣ್ಣ ಸುತ್ತ ಕಾಡಿಗೆ. ದೆವ್ವಗಳಿಗೆ ಮೂರು ಕಟ್ಟುನಿಟ್ಟು: ಓಡುವಂತಿಲ್ಲ, ಕಾಲೆಳೆಯುತ್ತಾ ನಡೆಯಬೇಕು. ಪಟ್ಟಿ ಬಿಟ್ಟು ಮೈ ಮುಟ್ಟುವಂತಿಲ್ಲ. 'ಸಾಕು' ಅಂದ ಕೂಡಲೇ ಹಿಂದೆ ಸರಿಯಬೇಕು. ಬೆನ್ನಟ್ಟುವವರು ಯಾರೆಂದು ಗೊತ್ತಿದ್ದು, ನಿಲ್ಲಿಸಲು ಒಂದು ಮಾತು ನಮ್ಮ ಕೈಯಲ್ಲಿದ್ದರೆ ಮಾತ್ರ ಹೆದರಿಕೆ ಆಟವಾಗುತ್ತದೆ. ಬೀದಿಯಲ್ಲಿ ಹಿಂದೆ ಹೆಜ್ಜೆ ಸಪ್ಪಳ ಕೇಳಿ ಬೆಚ್ಚಿದ ಹೆಣ್ಣಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಗಮನದಲ್ಲಿರಲಿ

* ಬಳೆ, ಕಾಲುಂಗುರ, ಮೂಗುತಿ ಬಿಚ್ಚಿಡಿ. ಬಲೆ, ಹಗ್ಗಕ್ಕೆ ಸಿಕ್ಕರೆ ಗಾಯ ದೊಡ್ಡದು. ತಾಳಿ ತೆಗೆಯಲು ಮನಸ್ಸಿಲ್ಲದವರು ಅಡೆತಡೆಗಳನ್ನು ಬಿಟ್ಟು ಬರಿ ಓಟ ಓಡಲಿ.
* ದುಪಟ್ಟಾ ಬೇಡ. ಮೈಗೊಪ್ಪುವ ಪ್ಯಾಂಟು, ಬೇಗ ಒಣಗುವ ಟೀ ಶರ್ಟು, ಒಳ್ಳೆ ಸ್ಪೋರ್ಟ್ಸ್ ಬ್ರಾ. ಶೂ ಹೊಸದಾಗಿರದೆ ಹಾಕಿ ರೂಢಿಯಾದದ್ದಿರಲಿ.
* ಓಟಕ್ಕೆ ಎರಡು ಗಂಟೆ ಮೊದಲು ಸುಸಲಾ ಅಥವಾ ಉಪ್ಪಿಟ್ಟು, ಒಂದು ಬಾಳೆಹಣ್ಣು. ಉಪವಾಸದ ದಿನ ಓಡಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಗ್ಲುಕೋಸ್ ಇರಲಿ.
* ಮುಟ್ಟಿನ ದಿನವೆಂದು ಓಟ ಬಿಡಬೇಕಿಲ್ಲ. ಸ್ರಾವ ಹೆಚ್ಚಿದ್ದರೆ ವಿಶ್ರಾಂತಿ ಪಡೆಯಿರಿ. ಕೆಸರಾದ ಪ್ಯಾಡ್ ತಕ್ಷಣ ಬದಲಿಸಿ.
* ಟೆಟನಸ್ ಚುಚ್ಚುಮದ್ದು ಹಾಕಿಸಿ 10 ವರ್ಷ ದಾಟಿದ್ದರೆ ಮತ್ತೆ ಹಾಕಿಸಿ. ತರಚು ಗಾಯವನ್ನು ಸೋಪು ನೀರಿನಲ್ಲಿ ತೊಳೆಯಿರಿ. ಕೆಸರಲ್ಲಿ ಆಡಿದ ಒಂದು ತಿಂಗಳೊಳಗೆ ಜ್ವರ, ಮೈಕೈ ನೋವು ಬಂದರೆ ಕೆಸರಿನ ವಿಷಯ ವೈದ್ಯರಿಗೆ ಹೇಳಿ, ಇಲಿ ಜ್ವರ ಇದ್ದೀತು.
* ಎದೆ ಬಿಗಿತ, ತಲೆಸುತ್ತು, ದವಡೆ ಅಥವಾ ಬೆನ್ನಿಗೆ ಹರಡುವ ನೋವು ಬಂದರೆ ಅಲ್ಲೇ ನಿಲ್ಲಿ, 108ಕ್ಕೆ ಕರೆ ಮಾಡಿ. ಹೊಲದ ಓಟವಾದರೆ ಒಂದು ವಾಹನ, ಅದನ್ನು ಓಡಿಸುವವರು ಸಿದ್ಧವಿರಲಿ.
* ದುಡ್ಡು ಕಟ್ಟಿ ಸೇರುವ ಓಟವಾದರೆ ಸಹಿ ಹಾಕುವ ಮೊದಲು ಕಾಗದ ಓದಿ. ಗಾಯವಾದರೆ ಹೊಣೆ ನಿಮ್ಮದೇ ಅಂತ ಅದರಲ್ಲಿ ಬರೆದಿರುವುದೇ ಹೆಚ್ಚು. ಆಂಬುಲೆನ್ಸ್, ಹೆಂಗಸರಿಗೆ ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ಇದೆಯೇ ಕೇಳಿ.

ಓಟ ಮುಗಿದ ಮರುದಿನ ಮೈ ನೋಯುತ್ತದೆ. ಹಾಸಿಗೆ ಹಿಡಿಯದೆ ಸ್ವಲ್ಪ ನಡೆದಾಡಿ. ಪಟ್ಟಿ ಉಳಿಯಿತೋ ಹೋಯಿತೋ ಅದು ಒಂದು ದಿನದ ಮಾತು. ಎಂಟು ವಾರದಲ್ಲಿ ಮೈಗೆ ಬಂದ ಕಸುವು, ಮುಂಜಾನೆ ಜೊತೆಗೆ ನಡೆಯುವ ಗೆಳತಿಯರು ಆಮೇಲೂ ಇರಬೇಕು. ಅದಕ್ಕೇ ಸೋಮವಾರ ಬೆಳಗ್ಗೆ 6ಕ್ಕೆ ಯಾರ ಮನೆ ಮುಂದೆ ಸೇರುವುದು ಅಂತ ಇವತ್ತೇ ಫೋನ್ ಮಾಡಿ ಗೊತ್ತು ಮಾಡಿಕೊಳ್ಳಿ. 'ನಾಳೆ ಮಾಡ್ತೀನಿ' ಅನ್ನಬೇಡಿ!